ರವಿಕೆಯನ್ನು ಒಳಗಿನಿಂದ ನೋಡಿ

ಬಿಬಿಸಿಯ ‘ದಿ ಗ್ರೇಟ್ ಬ್ರಿಟಿಷ್ ಸ್ಯೂಯಿಂಗ್ ಬೀ’ ಹೊಲಿಗೆ ಸ್ಪರ್ಧೆಯ ತೀರ್ಪುಗಾರರು ಇಬ್ಬರು: ಸೂಟು ಹೊಲಿಗೆಗೆ ಹೆಸರಾದ ಲಂಡನ್ನಿನ ಸ್ಯಾವಿಲ್ ರೋ ಬೀದಿಯ ಟೈಲರಿಂಗ್ ಬಲ್ಲ ಪ್ಯಾಟ್ರಿಕ್ ಗ್ರಾಂಟ್, 2016ರಲ್ಲಿ ಜೊತೆಯಾದ ಎಸ್ಮಿ ಯಂಗ್. ಗೊಂಬೆಗೆ ತೊಡಿಸಿದ ಉಡುಪನ್ನು ಹೊರಗಿನಿಂದ ಒಂದು ಸುತ್ತು ನೋಡಿ ಇವರು ಸುಮ್ಮನಾಗುವವರಲ್ಲ, ಅಂಚು ಎತ್ತಿ ಒಳಗೂ ಇಣುಕುತ್ತಾರೆ. ಅದನ್ನು ನೋಡಿದ ಮೇಲೆ, ಚಿಕ್ಕಬಳ್ಳಾಪುರದಲ್ಲಿ ಹೊಲಿಸಿ ತಂದ ರೇಷ್ಮೆ ರವಿಕೆಯನ್ನು ಬೀರುವಿನಿಂದ ತೆಗೆದು ತಿರುವಿದರೆ ಚುರುಕ್ ಅನ್ನುತ್ತದೆ. ಕಂಕುಳಲ್ಲಿ ಎಳೆ ಎಳೆಯಾಗಿ ಬಿಟ್ಟುಕೊಂಡ ಅಂಚು, ಡಾಟಿನ (ಮೈಯ ಉಬ್ಬಿಗೆ ಹೊಂದಲು ಹಿಡಿದು ಹೊಲಿದ ಮಡಿಕೆಯ) ತುದಿಯಲ್ಲಿ ಜೋತಾಡುವ ದಾರ, ಮುದುರಿಕೊಂಡ ಲೈನಿಂಗು. ಊರಲ್ಲಿ ಕೇಳಿದರೆ ಉತ್ತರ ಸಿದ್ಧ: ‘ಒಳಗಡೆ ಯಾರ್ ನೋಡ್ತಾರೆ ಬಿಡಿ.’

ರೇಷ್ಮೆ ಬೆಳೆಯುವ ಸೀಮೆಯವರೇ ಹೀಗಂದರೆ ಹೇಗೆ? ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡು ಕೊಳ್ಳುವವರು ಕೈಯಲ್ಲಿ ಹಿಡಿದು, ಅದುಮಿ, ಅಲ್ಲಾಡಿಸಿ ನೋಡುತ್ತಾರೆ. ಗಾರ್ಮೆಂಟ್ಸಿನಲ್ಲಿ ದುಡಿಯುವ ನಮ್ಮ ಹೆಂಗಸರು ಹೊರದೇಶಕ್ಕೆ ಹೋಗುವ ಶರ್ಟನ್ನು ಒಳಹೊರಗೆ ತಿರುವಿ ಚೆಕ್ ಮಾಡುತ್ತಾರೆ. ಅವರದೇ ರವಿಕೆಗೆ ಮಾತ್ರ ಆ ಭಾಗ್ಯವಿಲ್ಲ.

2013ರಲ್ಲಿ ಶುರುವಾದ ಈ ಸ್ಪರ್ಧೆಗೆ ಬರುವವರೆಲ್ಲ ಮನೆಯಲ್ಲಿ ಹವ್ಯಾಸಕ್ಕೆ ಹೊಲಿಯುವವರು. ಸುತ್ತುಗಳು ಮೂರು. ಒಂದರಲ್ಲಿ ಎಲ್ಲರಿಗೂ ಒಂದೇ ಪ್ಯಾಟರ್ನ್ (ಬಟ್ಟೆ ಕತ್ತರಿಸಲು ಬಳಸುವ ಪೇಪರ್ ಅಚ್ಚು), ಇನ್ನೊಂದರಲ್ಲಿ ಹಳೇ ಬಟ್ಟೆಗೆ ಹೊಸ ರೂಪ, ಕೊನೆಯದರಲ್ಲಿ ಮಾಡೆಲ್ ಮೈಯಳತೆಗೆ ತಕ್ಕ ಉಡುಪು. ಹಳೇ ಬಟ್ಟೆಯ ವಿದ್ಯೆಯನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಅಜ್ಜಿಯ ಸೀರೆ ಮೊಮ್ಮಗಳ ಲಂಗವಾಗುವುದು ಟಿವಿ ಬರುವ ಮೊದಲಿನಿಂದಲೂ ಇದೆ. ನೋಡಿ ಕಲಿಯಬೇಕಾದದ್ದು ಪ್ಯಾಟರ್ನಿನ ಶಿಸ್ತು ಮತ್ತು ಇಸ್ತ್ರಿ.

ಮೊದಲು ಇಸ್ತ್ರಿಯ ಮಾತು, ಏಕೆಂದರೆ ನಮ್ಮಲ್ಲಿ ಅದು ಇಲ್ಲವೇ ಇಲ್ಲ. ಊರಿನ ಅಂಗಡಿಗಳಲ್ಲಿ ಉಕ್ಸು, ಹೆಮ್ಮಿಂಗ್ ಎಲ್ಲ ಮುಗಿದ ಮೇಲೆ ಒಂದು ಸಲ ಪೆಟ್ಟಿಗೆ ಎಳೆದರೆ ಅದೇ ಹೆಚ್ಚು. ಈ ಸ್ಪರ್ಧೆಯವರು ಪ್ರತಿ ಹೊಲಿಗೆಗೂ ಮೇಜಿನಿಂದ ಎದ್ದು ಇಸ್ತ್ರಿಗೆ ಹೋಗುತ್ತಾರೆ. ಹೊಲಿಗೆ ಹಾಕಿದೊಡನೆ, ಬಿಡಿಸದೆ, ಇದ್ದ ಹಾಗೇ ಒಮ್ಮೆ ಒತ್ತಿದರೆ ದಾರ ಬಟ್ಟೆಯೊಳಗೆ ಕೂರುತ್ತದೆ. ಆಮೇಲೆ ಅಂಚುಗಳನ್ನು ಎರಡು ಬದಿಗೆ ಬಿಡಿಸಿ ಇನ್ನೊಮ್ಮೆ ಒತ್ತಬೇಕು. ಪೆಟ್ಟಿಗೆಯನ್ನು ಉಜ್ಜಬಾರದು, ಎತ್ತಿ ಎತ್ತಿ ಇಡಬೇಕು. ಉಜ್ಜಿದರೆ ಕ್ರಾಸ್ (ಓರೆಯಾಗಿ) ಕತ್ತರಿಸಿದ ತುಂಡು ಎಳೆದುಕೊಂಡು ಆಕಾರ ಕೆಡುತ್ತದೆ. ಎದೆಯ ಡಾಟನ್ನು ಚಪ್ಪಟೆ ಮೇಜಿನ ಮೇಲೆ ಒತ್ತಿದರೆ ತುದಿಯಲ್ಲಿ ಮೊನೆ ಎದ್ದು ನಿಲ್ಲುತ್ತದೆ, ಅದಕ್ಕೆ ಟವಲನ್ನು ಬಿಗಿಯಾಗಿ ಸುತ್ತಿ ಅದರ ಉಬ್ಬಿನ ಮೇಲಿಟ್ಟು ಒತ್ತಿ. ಮೊನೆಗೆ ಇನ್ನೊಂದು ಕಾರಣ ತುದಿಯಲ್ಲಿ ಹಾಕುವ ರಿವರ್ಸ್ ಹೊಲಿಗೆ. ಕೊನೆಯ ಅರ್ಧ ಅಂಗುಲವನ್ನು ಸಣ್ಣ ಹೊಲಿಗೆಯಲ್ಲಿ ಮಡಿಕೆಯ ಅಂಚಿಗೆ ಅಂಟಿದಂತೆ ಇಳಿಸಿ, ದಾರವನ್ನು ಕೈಯಲ್ಲೇ ಗಂಟು ಕಟ್ಟಿದರೆ ಸಾಕು. ರೇಷ್ಮೆಗೆ ಕಡಿಮೆ ಬಿಸಿ, ಒಳಮಗ್ಗುಲಿನಿಂದ, ನಡುವೆ ತೆಳು ಹತ್ತಿ ಬಟ್ಟೆ. ನೀರು ಚಿಮುಕಿಸಿದರೆ ಕಲೆ ಉಳಿಯಬಹುದು. ಸೂಜಿ 11ನೇ ನಂಬರಿನದಿರಲಿ. ಹತ್ತಿಗೆ ಹಾಕಿದ 16ನೇ ನಂಬರಿನಲ್ಲೇ ರೇಷ್ಮೆಯನ್ನೂ ಹೊಲಿದರೆ, ಆಲ್ಟರಿಗೆ ಬಿಚ್ಚಿದಾಗ ತೂತಿನ ಸಾಲು ಕಾಣುತ್ತದೆ.

ಲೈನಿಂಗ್ ಮುದುರುವುದಕ್ಕೆ ಕಾರಣ ಇನ್ನೂ ಸರಳ. ಕತ್ತರಿಸುವ ಮೊದಲು ಹತ್ತಿಯ ಲೈನಿಂಗನ್ನು ರಾತ್ರಿಯೆಲ್ಲ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿರಬೇಕು. ಹಬ್ಬದ ಅವಸರದಲ್ಲಿ ಅದನ್ನು ಬಿಟ್ಟರೆ ಮೊದಲ ಒಗೆತದಲ್ಲೇ ಲೈನಿಂಗ್ ಕುಗ್ಗಿ, ಮೇಲಿನ ರೇಷ್ಮೆ ನೆರಿಗೆಗಟ್ಟುತ್ತದೆ.

ಇನ್ನು ಅಳತೆ. ಟೈಲರಿಂಗ್ ಕ್ಲಾಸಿಗೆ ಹೋದವರೆಲ್ಲ ನ್ಯೂಸ್‌ಪೇಪರಿನಲ್ಲಿ ಪೇಪರ್ ಕಟಿಂಗ್ ಮಾಡಿ ರೆಕಾರ್ಡ್ ಪುಸ್ತಕಕ್ಕೆ ಅಂಟಿಸಿದವರೇ. ಸರ್ಟಿಫಿಕೇಟ್ ಬಂದ ಮೇಲೆ ಪೇಪರು ಅಟ್ಟಕ್ಕೆ, ಕೆಲಸವೆಲ್ಲ ಅಳತೆ ರವಿಕೆಯ ಮೇಲೆ. ಆ ಅಳತೆ ರವಿಕೆಯೋ ಹತ್ತಾರು ಸಲ ಒಗೆದು ಜಗ್ಗಿಹೋದದ್ದು, ಅದರ ತಪ್ಪೆಲ್ಲ ಹೊಸದಕ್ಕೂ ಇಳಿಯುತ್ತದೆ. ಬ್ರಿಟನ್ನಿನಲ್ಲಿ ಹೊಲಿಗೆ ಗೊತ್ತಿರುವವರು ದುಬಾರಿ ಬಟ್ಟೆಗೆ ಕತ್ತರಿ ಹಾಕುವ ಮೊದಲು ಅಗ್ಗದ ಬಿಳಿ ಬಟ್ಟೆಯಲ್ಲಿ ಒಂದು ಟ್ರಯಲ್ ಹೊಲಿಯುತ್ತಾರೆ. ನಮಗೆ ಹಳೇ ಬೆಡ್‌ಶೀಟ್ ಸಾಕು. ಬಿಚ್ಚಲು ಸುಲಭವಾಗುವಂತೆ ಮಿಷಿನ್ನಿನ ಅತಿ ಉದ್ದದ ಹೊಲಿಗೆ ಹಾಕಿ, ತೊಟ್ಟು, ಕೈ ಎತ್ತಿ, ಕೂತು, ಬಗ್ಗಿ ನೋಡಬೇಕು. ಎದೆಯಿಂದ ಕಂಕುಳಿನ ಕಡೆಗೆ ಓರೆ ಗೆರೆ ಬಂದರೆ ಡಾಟಿಗೆ ಹಿಡಿದ ಬಟ್ಟೆ ಸಾಲದು. ಕೈ ಎತ್ತಿದಾಗ ಇಡೀ ರವಿಕೆ ಮೇಲೇರಿದರೆ ಕಂಕುಳ ಸುತ್ತು ತೀರಾ ಕೆಳಗಿಳಿದಿದೆ ಎಂದರ್ಥ. ಊರಲ್ಲಿ ಇದಕ್ಕೆ ‘ಕಂಕುಳು ಇನ್ನೂ ಸ್ವಲ್ಪ ಲೂಸ್ ಮಾಡ್ಕೊಡಣ್ಣ’ ಅನ್ನುವುದೇ ವಾಡಿಕೆ. ಕೆಳಗೆ ಕತ್ತರಿಸಿದಷ್ಟೂ ತೊಂದರೆ ಹೆಚ್ಚುತ್ತದೆ. ಸುತ್ತು ಮೈಗೆ ಹತ್ತಿರ, ಮೇಲೆ ಇದ್ದಾಗಲೇ ಕೈ ಸಲೀಸಾಗಿ ಆಡುವುದು. ಟ್ರಯಲ್ ಸರಿಬಂದ ಮೇಲೆ ಬಿಚ್ಚಿ, ಖಾಕಿ ಪೇಪರಿಗೆ ಇಳಿಸಿ, ತಾರೀಕು ಬರೆದಿಟ್ಟರೆ ಮುಂದಿನ ಹಬ್ಬಕ್ಕೆ ಅಳತೆ ರವಿಕೆ ಹುಡುಕಬೇಕಿಲ್ಲ.

ಅಂಚಿಗೆ ಅಲ್ಲಿ ಮೆಚ್ಚುವ ಮುಗಿತಾಯ ಫ್ರೆಂಚ್ ಸೀಮ್. ಒಳಮಗ್ಗುಲುಗಳು ಒಂದಕ್ಕೊಂದು ತಾಗುವಂತೆ ಇಟ್ಟು 6 ಮಿಲಿಮೀಟರಿಗೆ ಹೊಲಿದು, ಅಂಚನ್ನು 3ಕ್ಕೆ ಕತ್ತರಿಸಿ, ತಿರುವಿ, ಮತ್ತೆ 9ಕ್ಕೆ ಹೊಲಿದರೆ ಬಿಡಿ ಎಳೆಯೆಲ್ಲ ಒಳಗೇ ಮುಚ್ಚಿಹೋಗುತ್ತದೆ. ಅಲ್ಲಿನ ಪ್ಯಾಟರ್ನುಗಳಲ್ಲಿ ಸಾಮಾನ್ಯವಾಗಿ ಬಿಡುವ ಒಂದೂವರೆ ಸೆಂಟಿಮೀಟರಿಗೆ ಲೆಕ್ಕ ಸರಿಯಾಗುತ್ತದೆ.

ಆದರೆ ರವಿಕೆಯ ಸೈಡಿಗೆ ಇದನ್ನು ಹಾಕಿದರೆ ಕೆಟ್ಟಿತು, ಒಪ್ಪಿಕೊಳ್ಳಲೇಬೇಕು. ನಮ್ಮ ಟೈಲರ್ ಸೈಡಿನಲ್ಲಿ ಒಂದೂವರೆ ಅಂಗುಲ ಬಟ್ಟೆ ಬಿಟ್ಟು ಎರಡು ಮೂರು ಸಾಲು ಹೊಲಿಗೆ ಹಾಕಿಕೊಡುವುದು ಸೋಮಾರಿತನಕ್ಕಲ್ಲ. ಮದುವೆಯ ರವಿಕೆ ಬಾಣಂತನದ ಮೇಲೂ ಆಗಬೇಕು, ಆಮೇಲೆ ತಂಗಿಗೂ ಬರಬೇಕು. ಸ್ಪರ್ಧೆಯ ಉಡುಪು ಆ ದಿನದ, ಆ ಒಂದು ಮೈಗೆ ಮಾತ್ರ. ಇನ್ನೊಂದು, 80 ಸೆಂಟಿಮೀಟರ್ ಬ್ಲೌಸ್ ಪೀಸಿನಲ್ಲಿ ಬಾರ್ಡರನ್ನು ಎರಡೂ ತೋಳಿಗೆ ಕೂರಿಸಿ, ಹಿಂದು ಮುಂದು ತೆಗೆದು, ಉಳಿದ ಚೂರಲ್ಲಿ ಪಟ್ಟಿಯನ್ನೂ ಹೊಂದಿಸುವ ಕೈಚಳಕ ಪ್ಯಾಟರ್ನ್ ಹಾಸಿಕೊಂಡು ಕೂರುವವರಿಗೆ ಸುಲಭಕ್ಕೆ ದಕ್ಕುವುದಲ್ಲ. ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಆಸುಪಾಸಿನ ಸಣ್ಣ ಅಂಗಡಿಗಳಲ್ಲಿ ಕೂತವರು ಇದನ್ನು ಪೇಪರಿಲ್ಲದೆ, ಸೀಮೆಸುಣ್ಣದ ನಾಲ್ಕು ಗೆರೆಯಲ್ಲಿ ಮಾಡುತ್ತಾರೆ. ಅವರ ಕೂಲಿಯಲ್ಲಿ ಇಸ್ತ್ರಿಯ ಹೊತ್ತಿಗೆ ನಾವು ಕಾಸು ಕೊಟ್ಟವರೂ ಅಲ್ಲ.

ಮಾರ್ಜಿನ್ ಉಳಿಸಿಕೊಂಡೇ ಎಳೆ ಬಿಡದಂತೆ ಮಾಡಲು ದಾರಿಯಿದೆ. ಸೈಡ್ ಸೇರಿಸುವ ಮೊದಲೇ ಹಿಂದಿನ ತುಂಡು, ಮುಂದಿನ ತುಂಡು, ತೋಳು, ಎಲ್ಲದರ ಅಂಚಿಗೂ ಬೇರೆ ಬೇರೆಯಾಗಿ ಓವರ್‌ಲಾಕ್ (ಅಂಚನ್ನು ದಾರದಲ್ಲಿ ಸುತ್ತುವ ಮಿಷಿನ್ ಹೊಲಿಗೆ) ಹೊಡೆಯಬೇಕು. ಸೇರಿಸಿದ ಮೇಲೆ ಎರಡು ಪದರ ಒಟ್ಟಿಗೆ ಹೊಡೆದರೆ ನಾಳೆ ಲೂಸ್ ಮಾಡಲು ಓವರ್‌ಲಾಕನ್ನೂ ಬಿಚ್ಚಬೇಕಾಗುತ್ತದೆ. ಕಂಕುಳ ತಿರುವಿಗೆ ಮಾತ್ರ ಒಂದೂಕಾಲು ಅಂಗುಲದ ಕ್ರಾಸ್ ಪಟ್ಟಿ ಮಡಿಸಿ ಕಟ್ಟಿಸಿ. ರವಿಕೆ ಕೊಡುವಾಗಲೇ ಹೇಳಿ: ‘ಅಣ್ಣ, ಮೊದ್ಲು ಓವರ್‌ಲಾಕ್ ಹೊಡ್ದು ಆಮೇಲೆ ಸೈಡ್ ಹಾಕಿ, ಅದಕ್ಕೆ ಬೇರೆ ದುಡ್ಡು ಕೊಡ್ತೀನಿ.’ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ವಾರ ಮಾತ್ರ ಹೇಳಬೇಡಿ.