ಹಲವು ಜಗತ್ತು, ಒಂದೇ ಇಂಟರ್‌ಲಾಕ್

‘ಒಂದು ರಾಜ್ಯ, ಹಲವು ಜಗತ್ತು’ ಎಂಬುದು ನಮ್ಮ ಪ್ರವಾಸೋದ್ಯಮ ಇಲಾಖೆಯ ಹೆಸರಾಂತ ಘೋಷವಾಕ್ಯ. 1,91,791 ಚದರ ಕಿಲೋಮೀಟರ್ ವಿಸ್ತಾರ, ಸುಮಾರು 320 ಕಿಲೋಮೀಟರ್ ಉದ್ದದ ಕರಾವಳಿ, ಆಗುಂಬೆಯ ಮಳೆಕಾಡು, ವಿಜಯಪುರದ ಎರೆಭೂಮಿ, ಬೀದರಿನ ಕೆಂಪು ಜಂಬಿಟ್ಟಿಗೆ ನೆಲ, ಇವೆಲ್ಲವೂ ಒಂದೇ ವಿಧಾನಸೌಧದ ಸುಪರ್ದಿಯಲ್ಲಿರುವಾಗ ಈ ಮಾತಿನಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ. ತೊಂದರೆಯಿರುವುದು ‘ಹಲವು’ ಎಂಬಲ್ಲಿ. ಒಂದೊಂದು ಜಗತ್ತಿಗೆ ಒಂದೊಂದು ಅಂದಾಜುಪಟ್ಟಿ ತಯಾರಿಸುತ್ತ ಕುಳಿತರೆ ಮಾರ್ಚ್ ಬಂದು ಅನುದಾನ ವಾಪಸು ಹೋಗುತ್ತದೆ. ಆದ್ದರಿಂದ ಎಲ್ಲ ಜಗತ್ತುಗಳಿಗೂ ಒಂದೇ ನಕ್ಷೆಯನ್ನು ಅನ್ವಯಿಸುವ ದೂರದೃಷ್ಟಿಯ ಕಾರ್ಯ ಕೆಲವು ವರ್ಷಗಳಿಂದ ಸದ್ದಿಲ್ಲದೆ ನಡೆದುಬಂದಿದೆ.

ಯಾವ ತಾಣಕ್ಕೆ ಹೋದರೂ ಪ್ರವಾಸಿಗೆ ಗಲಿಬಿಲಿಯಾಗಬಾರದು ಎಂಬುದು ಈ ನಕ್ಷೆಯ ಮೂಲತತ್ತ್ವ. ಮೊದಲು ಸಿಮೆಂಟಿನ ಕಮಾನು, ಅದರ ಪಕ್ಕದಲ್ಲಿ ಶಂಕುಸ್ಥಾಪನೆಯ ಕಲ್ಲು. ಕಮಾನು ದಾಟಿದರೆ ಬೂದು ಮತ್ತು ಕೆಂಪು ಬಣ್ಣದ ಇಂಟರ್‌ಲಾಕ್ ನೆಲ. ಅದರ ಅಂಚಿಗೆ ಸ್ಟೀಲ್ ಕಂಬಿಗಳು. ಕಂಬಿಗಳ ಮುಂದೆ ‘ಐ ಲವ್’ ಎಂದು ಆರಂಭವಾಗಿ ಊರಿನ ಹೆಸರಿನಲ್ಲಿ ಮುಗಿಯುವ ಆಳೆತ್ತರದ ಇಂಗ್ಲಿಷ್ ಅಕ್ಷರಗಳು. ಈ ಅಕ್ಷರಗಳಲ್ಲಿ ಒಂದರ ದೀಪ ಕೆಟ್ಟಿರತಕ್ಕದ್ದು ಎಂದು ಯಾವ ಸುತ್ತೋಲೆಯೂ ಹೇಳಿಲ್ಲವಾದರೂ ಅದರ ಪಾಲನೆಯಲ್ಲಿ ಲೋಪವಾದದ್ದನ್ನು ನಾನಂತೂ ಕಂಡಿಲ್ಲ. ಬೆಟ್ಟವೋ ಕೆರೆಯೋ ಕಡಲೋ ಅಕ್ಷರಗಳ ಹಿಂದೆ, ಮದುವೆ ಫೋಟೊದಲ್ಲಿ ಕೊನೆಯ ಸಾಲಿಗೆ ತಳ್ಳಲ್ಪಟ್ಟ ಸೋದರಮಾವನಂತೆ, ಇಣುಕುತ್ತ ನಿಂತಿರುತ್ತದೆ.

ಈ ತತ್ತ್ವದ ಪರಾಕಾಷ್ಠೆಯನ್ನು ಕಾಣಬೇಕಾದರೆ ಜೋಗಕ್ಕೆ ಹೋಗಬೇಕು. ಶರಾವತಿ ಅಲ್ಲಿ ರಾಜ, ರಾಣಿ, ರೋರರ್, ರಾಕೆಟ್ ಎಂದು ನಾಲ್ಕಾಗಿ 253 ಮೀಟರ್ ಆಳಕ್ಕೆ ಧುಮುಕುತ್ತಾಳೆ. ಧುಮುಕಬೇಕೋ ಬೇಡವೋ ಎಂಬುದನ್ನು ಮಾತ್ರ 1964ರಿಂದ ಲಿಂಗನಮಕ್ಕಿ ಅಣೆಕಟ್ಟೆ ನಿರ್ಧರಿಸುತ್ತದೆ. ಬೇಸಿಗೆಯಲ್ಲಿ ಬಂದವರಿಗೆ ಕಪ್ಪು ಬಂಡೆ, ಅದರ ಮೇಲೆ ಒಂದೆರಡು ಎಳೆ ನೀರು ಮತ್ತು ‘ಮಳೆಗಾಲದಲ್ಲಿ ಬರಬೇಕಿತ್ತು ಸಾರ್’ ಎಂಬ ಸಾಂತ್ವನ ಲಭ್ಯ. ಇಂಥ ಜಲಪಾತದ ಪ್ರವೇಶದ್ವಾರ ಮತ್ತಿತರ ಕಾಮಗಾರಿಗಾಗಿ 2025ರ ಆರಂಭದಲ್ಲಿ ಪ್ರವಾಸಿಗರ ಪ್ರವೇಶವನ್ನೇ ತಿಂಗಳುಗಟ್ಟಲೆ ನಿರ್ಬಂಧಿಸಲಾಗಿತ್ತು. ಬಾಗಿಲು ನಿರ್ಮಿಸುವುದಕ್ಕಾಗಿ ಬಾಗಿಲು ಹಾಕಿದ ಈ ಕ್ರಮದಲ್ಲಿ ದೋಷ ಹುಡುಕುವವರಿಗೆ ಆಡಳಿತದ ಸೂಕ್ಷ್ಮ ತಿಳಿಯದು: ನೀರು ಬರುತ್ತದೆ, ಹೋಗುತ್ತದೆ, ದ್ವಾರವಾದರೋ ಹನ್ನೆರಡು ತಿಂಗಳೂ ನಿಂತೇ ಇರುತ್ತದೆ. ಇದಕ್ಕೂ ಮೊದಲು, ಬಿದ್ದ ನೀರನ್ನು ಪಂಪುಗಳ ಮೂಲಕ ಪುನಃ ಮೇಲಕ್ಕೇರಿಸಿ, ಪುನಃ ಕೆಳಗೆ ಬೀಳಿಸಿ, ಜೋಗವನ್ನು ಸರ್ವಋತು ಜಲಪಾತವಾಗಿಸುವ ಆಲೋಚನೆಯೂ ಸರ್ಕಾರದ ಮುಂದೆ ಬಂದಿತ್ತು. ವಿದ್ಯುತ್ತಿಗಾಗಿ ನದಿಯನ್ನು ಜಲಪಾತದಿಂದ ಬಿಡಿಸಿ, ಬಳಿಕ ವಿದ್ಯುತ್ತನ್ನು ಸುಟ್ಟು ಅದೇ ನದಿಯನ್ನು ಜಲಪಾತಕ್ಕೆ ಹತ್ತಿಸುವ ಈ ಆಲೋಚನೆ ಕಾರ್ಯರೂಪಕ್ಕೆ ಬಂದಿದ್ದರೆ, ಸ್ವಿಚ್ ಒತ್ತುವ ಮೂಲಕ ಜಲಪಾತವೊಂದನ್ನು ಲೋಕಾರ್ಪಣೆ ಮಾಡುವ ಅಪೂರ್ವ ಅವಕಾಶ ನಮ್ಮ ಗಣ್ಯರಿಗೆ ದೊರೆಯುತ್ತಿತ್ತು.

ಸಾರ್ವಜನಿಕರ ಸಹಕಾರವನ್ನೂ ಇಲ್ಲಿ ಸ್ಮರಿಸಬೇಕು. ವಾರಾಂತ್ಯ ಬಂತೆಂದರೆ ಬೆಂಗಳೂರಿನ ಟ್ರಾಫಿಕ್‌ನಿಂದ ಬೇಸತ್ತವರೆಲ್ಲರೂ ಒಂದೇ ಗಳಿಗೆಯಲ್ಲಿ ಹೊರಟು, ಅದೇ ಟ್ರಾಫಿಕ್ಕನ್ನು ಚಿಕ್ಕಮಗಳೂರಿನವರೆಗೆ ಜೋಪಾನವಾಗಿ ಸಾಗಿಸಿ, ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯ ತಿರುವುಗಳಲ್ಲಿ ಸ್ಥಾಪಿಸುತ್ತಾರೆ. ನಂದಿಬೆಟ್ಟದಲ್ಲಿ ಸೂರ್ಯೋದಯ ನೋಡಲು ಹೊರಟವರಿಗೆ ಮುಂದಿನ ಕಾರಿನ ಕೆಂಪು ದೀಪ ಉದಯಿಸುತ್ತದೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಚಾರಣಕ್ಕೆ ನೆರೆದ ಜನಸಾಗರವನ್ನು ಕಂಡ ಬಳಿಕ ಅರಣ್ಯ ಇಲಾಖೆ ಚಾರಣವನ್ನೇ ನಿಲ್ಲಿಸಿ, ಆನ್‌ಲೈನ್ ನೋಂದಣಿಯ ಮೊರೆಹೋಯಿತು. ಮುಳ್ಳಯ್ಯನಗಿರಿಗೂ ಈಗ ಮುಂಗಡ ನೋಂದಣಿ. ಏಕಾಂತವನ್ನು ಅರಸಿ ಹೋಗುವವರು ತಮ್ಮ ಸರದಿಯನ್ನು ಮೊಬೈಲಿನಲ್ಲಿ ಕಾಯ್ದಿರಿಸತಕ್ಕದ್ದು.

ಹಾಗಾದರೆ ಉಳಿದ ಜಗತ್ತುಗಳೆಲ್ಲಿ? ಚಿಂಚೋಳಿಯಲ್ಲಿ ಒಣಭೂಮಿಯ ನಡುವೆ ವನ್ಯಜೀವಿಧಾಮವಿದೆ, ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಗಳಿವೆ, ದರೋಜಿಯಲ್ಲಿ ಕರಡಿಗಳು ಬಂಡೆಯಿಂದ ಇಳಿದು ಬರುತ್ತವೆ, ಔಷಧೀಯ ಸಸ್ಯಗಳಿಗೆ ಹೆಸರಾದ ಗದಗದ ಕಪ್ಪತಗುಡ್ಡವಿದೆ, ಘಟಪ್ರಭೆ ಗೋಕಾಕದಲ್ಲಿ ಮಳೆಗಾಲವಿಡೀ ಕೆಂಪಗೆ ಧುಮ್ಮಿಕ್ಕುತ್ತದೆ. ಇವುಗಳ ಹೆಸರು ಹೇಳಿದರೆ ರಾಜಧಾನಿಯವರು ‘ಅಷ್ಟು ದೂರವೇ?’ ಎಂದು ಕೇಳಿ, ಮನಾಲಿಗೆ ವಿಮಾನದ ಟಿಕೆಟ್ ಕಾಯ್ದಿರಿಸುತ್ತಾರೆ. ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸಲ್ಲಿಸಿದ ವರದಿಯಲ್ಲಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತ್ತು. ಆಗ ಸೆಲ್ಫಿ ಪಾಯಿಂಟ್‌ಗಳು ಹುಟ್ಟಿರಲಿಲ್ಲವಾದ್ದರಿಂದ ಆ ಸೂಚ್ಯಂಕ ಲೆಕ್ಕಕ್ಕೆ ಬಂದಿಲ್ಲ. ಈಗಲಾದರೂ ಹೊಸ ಸಮಿತಿಯೊಂದು ರಚನೆಯಾಗಿ, ಗಾಜಿನ ಸೇತುವೆಯಿಲ್ಲದ ಕಣಿವೆಗಳು, ರೋಪ್‌ವೇ ಇಲ್ಲದ ಬೆಟ್ಟಗಳು, ಮ್ಯಾಗಿ ಅಂಗಡಿಯಿಲ್ಲದ ನೀರಿನ ಝರಿಗಳು ಎಷ್ಟಿವೆಯೆಂದು ತಾಲ್ಲೂಕುವಾರು ಪಟ್ಟಿ ಮಾಡಬಹುದು. ಆ ವರದಿ ಜಾರಿಯಾಗುವ ಮೊದಲೇ ಜಿರಾಕ್ಸ್ ಮಾಡಿಸಿಕೊಳ್ಳಲು ನಾನು ಸಿದ್ಧನಿದ್ದೇನೆ, ಏಕೆಂದರೆ ಈ ರಾಜ್ಯದಲ್ಲಿ ನೋಡಲೇಬೇಕಾದ ಸ್ಥಳಗಳ ಅಷ್ಟು ನಂಬಲರ್ಹವಾದ ಪಟ್ಟಿ ಬೇರೆಲ್ಲೂ ಸಿಗಲಾರದು.

ಅಲ್ಲಿಯವರೆಗೆ ದಿನಪತ್ರಿಕೆಗಳ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಟೆಂಡರ್ ಪ್ರಕಟಣೆಗಳಿಂದಲೇ ಕೆಲಸ ಸಾಗಿಸಬೇಕು. ಯಾವುದಾದರೂ ಗುಡ್ಡದ ಹೆಸರಿನ ಮುಂದೆ ‘ಸಮಗ್ರ ಅಭಿವೃದ್ಧಿ’ ಎಂದು ಕಂಡರೆ, ಬಿಡ್ ಸಲ್ಲಿಸಲು ಇರುವ ಕೊನೆಯ ದಿನಾಂಕವನ್ನು ಗುರುತು ಹಾಕಿಕೊಂಡು, ಅದಕ್ಕೂ ಮುಂಚಿನ ಭಾನುವಾರವೇ ಮನೆಮಂದಿಯೊಂದಿಗೆ ಹೊರಡತಕ್ಕದ್ದು.