ಸ್ಪಷ್ಟನೆ: ತೀರ್ಮಾನ ನಿಜವಾದ ಮಾತ್ರಕ್ಕೆ ವಾದ ಸಿಂಧುವಾಗುವುದಿಲ್ಲ

ಮೈಸೂರಿನ ಪದವಿ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ತರ್ಕಶಾಸ್ತ್ರದ ಟಿಪ್ಪಣಿಯೊಂದು ಹರಿದಾಡುತ್ತಿದೆ. ‘ತೀರ್ಮಾನ ಸತ್ಯವಾಗಿದ್ದರೆ ವಾದ ಸಿಂಧು, ಸುಳ್ಳಾಗಿದ್ದರೆ ಅಸಿಂಧು’ ಎಂದು ಅದರಲ್ಲಿದೆ. ಎರಡು ಮಾತೂ ತಪ್ಪು. ಆಧಾರವಾಕ್ಯಗಳು, ಅಂದರೆ ತೀರ್ಮಾನಕ್ಕೆ ಆಧಾರವಾಗಿ ಕೊಡುವ ಮಾತುಗಳು, ನಿಜವಾದರೆ ತೀರ್ಮಾನವೂ ನಿಜವಾಗಲೇಬೇಕಾದ ರೂಪದ ವಾದವೇ ಸಿಂಧು. ಮೊದಲ ವರ್ಷದಲ್ಲೇ ಇದು ತಲೆಯಲ್ಲಿ ಕೂತರೆ ಮುಂದಿನ ಪಾಠಗಳೆಲ್ಲ ಕಗ್ಗಂಟಾಗುತ್ತವೆ.

ಈ ವಾದವನ್ನು ನೋಡಿ. ಮಂಡ್ಯ ಜಿಲ್ಲೆಯ ಊರುಗಳೆಲ್ಲ ಕರ್ನಾಟಕದಲ್ಲಿವೆ, ಶ್ರೀರಂಗಪಟ್ಟಣ ಕರ್ನಾಟಕದಲ್ಲಿದೆ, ಆದ್ದರಿಂದ ಶ್ರೀರಂಗಪಟ್ಟಣ ಮಂಡ್ಯ ಜಿಲ್ಲೆಯಲ್ಲಿದೆ. ಮೂರೂ ವಾಕ್ಯಗಳು ನಿಜ. ಆದರೂ ವಾದ ಅಸಿಂಧು. ಶ್ರೀರಂಗಪಟ್ಟಣದ ಜಾಗದಲ್ಲಿ ನಂಜನಗೂಡು ಎಂದು ಹಾಕಿ: ಆಧಾರವಾಕ್ಯಗಳು ನಿಜವಾಗಿಯೇ ಉಳಿಯುತ್ತವೆ, ತೀರ್ಮಾನ ಮಾತ್ರ ಸುಳ್ಳಾಗುತ್ತದೆ, ಏಕೆಂದರೆ ನಂಜನಗೂಡು ಇರುವುದು ಮೈಸೂರು ಜಿಲ್ಲೆಯಲ್ಲಿ. ಆಧಾರಗಳು ನಿಜವಾಗಿದ್ದೂ ತೀರ್ಮಾನ ಸುಳ್ಳಾಗಲು ಎಡೆಯಿರುವ ರೂಪವೇ ಅಸಿಂಧು.

ಇನ್ನೊಂದು: ನದಿಗಳೆಲ್ಲ ಪೂರ್ವಕ್ಕೆ ಹರಿಯುತ್ತವೆ, ಶರಾವತಿ ಒಂದು ನದಿ, ಆದ್ದರಿಂದ ಶರಾವತಿ ಪೂರ್ವಕ್ಕೆ ಹರಿಯುತ್ತದೆ. ತೀರ್ಮಾನ ಸುಳ್ಳು, ವಾದ ಸಿಂಧು. ದೋಷವಿರುವುದು ಮೊದಲ ವಾಕ್ಯದಲ್ಲಿ, ರೂಪದಲ್ಲಿ ಅಲ್ಲ.

ಇದು ಅರಿಸ್ಟಾಟಲ್ ಪರಂಪರೆಯ ಕಟ್ಟಳೆ ಮಾತ್ರ ಎಂದುಕೊಳ್ಳಬೇಡಿ. ಭಾರತೀಯ ತರ್ಕಪರಂಪರೆಯಾದ ನ್ಯಾಯದರ್ಶನವು ರೂಪವನ್ನೂ ಸತ್ಯವನ್ನೂ ಇಷ್ಟು ಬಿಡಿಸಿ ನೋಡುವುದಿಲ್ಲ, ನಿಜ. ಆದರೆ ‘ಸಾಧ್ಯ’ (ಸಾಧಿಸಬೇಕಾದ ಅಂಶ) ಇರುವಲ್ಲೂ ಇಲ್ಲದಲ್ಲೂ ಕಾಣಿಸಿಕೊಳ್ಳುವ ಹೇತುವನ್ನು (ಅದಕ್ಕೆ ಕೊಡುವ ಕಾರಣವನ್ನು) ಅದು ಸವ್ಯಭಿಚಾರವೆಂಬ ಹೇತ್ವಾಭಾಸವಾಗಿ, ಅಂದರೆ ಹುಸಿ ಹೇತುವಾಗಿ, ತಳ್ಳಿಹಾಕುತ್ತದೆ. ‘ಕರ್ನಾಟಕದಲ್ಲಿದೆ’ ಎಂಬ ನಮ್ಮ ಹೇತು ಅಂಥದ್ದೇ.

ತ್ರಿಪದಿ ಅನುಮಾನದ (ಎರಡು ಆಧಾರವಾಕ್ಯ, ಒಂದು ತೀರ್ಮಾನವಿರುವ ವಾದದ) 256 ರೂಪಗಳನ್ನೂ ಬಾಯಿಪಾಠ ಮಾಡಿ ಎಂಬ ಸಲಹೆಯೂ ಟಿಪ್ಪಣಿಯಲ್ಲಿದೆ. ಅದು ಬೇಕಿಲ್ಲ, ಕೆಲವೇ ನಿಯಮಗಳಿಂದ ಅವನ್ನೆಲ್ಲ ಪರೀಕ್ಷಿಸಬಹುದು. ಟಿಪ್ಪಣಿ ನಿಮಗೂ ಬಂದಿದ್ದರೆ, ಮುಂದೆ ಕಳಿಸುವ ಮೊದಲು ದಯವಿಟ್ಟು ತಿದ್ದಿ.