ಉಲ್ಲನ್ನಿನ ದಪ್ಪ

ಚಳಿಗೆ ದಪ್ಪ ಉಲ್ಲನ್ನೇ ಆಗಬೇಕು ಎಂಬ ನಂಬಿಕೆ ಮಲೆನಾಡಿನಲ್ಲಿ ಹುಟ್ಟಿದವರಿಗೆ ಯಾರೂ ಹೇಳಿಕೊಡದೆಯೇ ಬಂದಿರುತ್ತದೆ. ಕಂಬಳಿಕೊಪ್ಪೆ ಹೊದ್ದು ಜಡಿಮಳೆಯಲ್ಲಿ ಗದ್ದೆಯ ಬದು ಕಟ್ಟುತ್ತಿದ್ದ ಅಜ್ಜನನ್ನು ಕಂಡು ಬೆಳೆದ ನನಗಂತೂ, ಮೈ ಚುಚ್ಚುವಷ್ಟು ಒರಟಾಗಿದ್ದರೆ ಮಾತ್ರ ಬೆಚ್ಚಗಿರುತ್ತದೆ ಎನ್ನುವುದರಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ. ಆದ್ದರಿಂದ ಹೆಣಿಗೆ ಕಲಿತ ಮೊದಲ ವರ್ಷ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋದಾಗ, ಅಂಗಡಿಯಲ್ಲಿದ್ದ ಉಂಡೆಗಳ ಪೈಕಿ ಕಿರುಬೆರಳಿನ ಅರ್ಧ ದಪ್ಪವಿದ್ದ ಕಂದುಬಣ್ಣದ್ದನ್ನು ಆರಿಸಿಕೊಂಡೆ. “ಇದಾದ್ರೆ ಬೇಗ ಮುಗಿಯುತ್ತೆ ಅಕ್ಕಾ” ಎಂದು ಅಂಗಡಿಯವರು ಹೇಳಿದ ಮಾತು ಸುಳ್ಳಾಗಲಿಲ್ಲ. ಎರಡೇ ವಾರದಲ್ಲಿ ಮನೆಯವರಿಗೆ ಸ್ವೆಟರ್ ಸಿದ್ಧವಾಯಿತು. ನೆಲದ ಮೇಲಿಟ್ಟರೆ ಅದು ಒಳಗೆ ಯಾರೂ ಇಲ್ಲದೆಯೇ ಎದ್ದು ಕುಳಿತಿರುತ್ತಿತ್ತು. ಅದನ್ನು ತೊಟ್ಟವರಿಗೆ ಕೈ ಮಡಚಿ ಕಾಫಿಲೋಟವನ್ನು ಬಾಯಿಗೆ ಒಯ್ಯುವುದೇ ಒಂದು ಸಾಹಸವಾಯಿತು.

ನಿಜವಾದ ಪರೀಕ್ಷೆ ಬಂದದ್ದು ಆಷಾಢದಲ್ಲಿ. ಒಮ್ಮೆ ಒಗೆದು ಬಚ್ಚಲೊಲೆಯ ಮೇಲಿನ ಬಿದಿರುಗಳಕ್ಕೆ ಹಾಕಿದ ಸ್ವೆಟರ್, ಬೇರೆ ಬಟ್ಟೆಗಳೆಲ್ಲ ಒಣಗಿ ಮಡಿಕೆಯಾಗಿ ಪೆಟ್ಟಿಗೆ ಸೇರಿದ ಮೇಲೂ ತೋಳಿನ ತುದಿಯಿಂದ ತೊಟ್ಟಿಕ್ಕುತ್ತಲೇ ಇತ್ತು. ಆರನೆಯ ದಿನ ಇಳಿಸಿದಾಗ ಅದಕ್ಕೆ ಹೊಗೆಯ ಮೇಲೆ ಒಣಗಿಸಿದ ಉಪ್ಪಾಗೆ ಸಿಪ್ಪೆಯ ವಾಸನೆ ಬಂದಿತ್ತು. “ಇದು ಹಾಕ್ಕಳ್ಳೋದಲ್ಲ ಮಾರಾಯ್ತಿ, ಹಾಸ್ಕಳ್ಳೋದು” ಎಂದು ಅತ್ತೆ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು.

ಬೆಚ್ಚಗಿಡುವುದು ದಾರವಲ್ಲ, ದಾರದ ಎಳೆಗಳ ನಡುವೆ ಸಿಕ್ಕಿಕೊಂಡು ನಿಂತ ಗಾಳಿ ಎಂಬುದು ನನಗೆ ತಿಳಿದದ್ದು ಆಮೇಲೆ. ಒಳಗೊಂದು ಅಂಗಿ, ಮೇಲೊಂದು ತೆಳು ಸ್ವೆಟರ್ ಇದ್ದರೆ ಆಗುಂಬೆಯ ಮಂಜಿಗೂ ಸಾಕು. ಕುರಿಯ ಉಣ್ಣೆಯಾದರೆ ತನ್ನ ತೂಕದ ಶೇ 30ರಷ್ಟು ತೇವವನ್ನು ಹೀರಿಯೂ ಒದ್ದೆಯೆನಿಸದೆ ಇರಬಲ್ಲದು; ಅಜ್ಜ ಹೊದೆಯುತ್ತಿದ್ದ ಬಯಲುಸೀಮೆಯ ಕಂಬಳಿಯ ಗುಟ್ಟು ಇದ್ದದ್ದು ಇಲ್ಲಿ, ಅದರ ಒರಟುತನದಲ್ಲಲ್ಲ. ನಾವು ‘ಉಲ್ಲನ್’ ಎಂದು ಕೊಂಡು ತರುವುದು ಬಹುಪಾಲು ಅಕ್ರಿಲಿಕ್ ಎಂಬ ಕೃತಕ ದಾರ. ಅದು ತಾನಾಗಿ ನೀರು ಹೀರುವುದಿಲ್ಲ ನಿಜ, ಆದರೆ ದಪ್ಪ ಎಳೆಗಳ ಸಂದಿಯಲ್ಲಿ ನಿಂತ ನೀರನ್ನು ಬಿಟ್ಟುಕೊಡುವ ಅವಸರವೂ ಅದಕ್ಕಿಲ್ಲ. ನಮ್ಮ ಕಡೆ ದಾರದ ದಪ್ಪವನ್ನು ನಿರ್ಧರಿಸಬೇಕಾದದ್ದು ಚಳಿಗಾಲವಲ್ಲ, ಮಳೆಗಾಲ ಎಂಬ ನನ್ನ ಸಿದ್ಧಾಂತ ಆ ಬಚ್ಚಲೊಲೆಯ ಮುಂದೆ ಹುಟ್ಟಿತು.

ದಪ್ಪವನ್ನು ಗುರುತಿಸುವುದೂ ಸುಲಭದ ಕೆಲಸವಲ್ಲ. ಸಪೂರದಿಂದ ದಪ್ಪಕ್ಕೆ ನಾಲ್ಕು ಎಳೆ, ಡಬಲ್ ನಿಟಿಂಗ್, ಅರಾನ್, ಚಂಕಿ ಎಂದು ಇಂಗ್ಲೆಂಡಿನವರ ಹೆಸರುಗಳು ಒಂದು ಕಡೆ. 0ಯಿಂದ 7ರವರೆಗೆ ಅಂಕಿ ಕೊಟ್ಟ ಅಮೆರಿಕದ ಕ್ರಾಫ್ಟ್ ಯಾರ್ನ್ ಕೌನ್ಸಿಲ್ಲಿನ ಎಂಟು ದರ್ಜೆಗಳು ಇನ್ನೊಂದು ಕಡೆ. ಎಳೆಗಳನ್ನು ಎಣಿಸಿದರಂತೂ ಮೋಸ ಹೋಗುತ್ತೇವೆ, ಏಕೆಂದರೆ ದಪ್ಪನೆಯ ಎರಡೆಳೆಯ ದಾರ ಸಪೂರವಾದ ನಾಲ್ಕೆಳೆಯದಕ್ಕಿಂತ ದಪ್ಪವಿರಬಹುದು. ಅಮೆರಿಕದ ಅಂಕಿ ಏರಿದಂತೆ ದಾರ ದಪ್ಪವಾಗುತ್ತದೆ. ನನ್ನ ಅತ್ತೆಯ ಡಬ್ಬಿಯಲ್ಲಿರುವ ಹಳೆಯ ಬ್ರಿಟಿಷ್ ಲೆಕ್ಕದ ಕಡ್ಡಿಗಳಲ್ಲಿ ಅಂಕಿ ಏರಿದಂತೆ ಕಡ್ಡಿ ಸಣ್ಣದಾಗುತ್ತದೆ, 8ನೇ ನಂಬರಿನದು 4 ಮಿಲಿಮೀಟರ್, 10ನೆಯದು 3.25. ತೋರಣಕ್ಕೂ ಟೇಬಲ್ಲಿನ ಹಾಸಿಗೂ ತರುವ, ಒಂದೇ ಕೊಕ್ಕೆಯಲ್ಲಿ ಹೆಣೆಯುವ ಕ್ರೋಶಾದ ಹತ್ತಿದಾರವೂ ಅತ್ತೆಯ ಕಡ್ಡಿಗಳ ಪಕ್ಷದ್ದೇ: 10ನೆಯದು ದಪ್ಪ, 40ನೆಯದು ನವಿರು. ಇಂಥ ಗೊಂದಲದಲ್ಲಿ ನಾನು ನಂಬುವುದು ಮಗಳ ಕಂಪಾಸ್ ಪೆಟ್ಟಿಗೆಯ ಸ್ಕೇಲನ್ನು. ದಾರವನ್ನು ಎಳೆಯದೆ, ಒಂದರ ಪಕ್ಕ ಒಂದು ತಾಗುವಂತೆ ಅದಕ್ಕೆ ಸುತ್ತಿ, ಒಂದು ಅಂಗುಲದಲ್ಲಿ ಎಷ್ಟು ಸುತ್ತು ಬಂತೆಂದು ಎಣಿಸಿದರಾಯಿತು. 11–12 ಬಂದರೆ ಡಬಲ್ ನಿಟಿಂಗ್ ಆಸುಪಾಸು. 7–8 ಬಂದರೆ ನಾನು ಉಂಡೆಯನ್ನು ಮೆಲ್ಲಗೆ ಹಿಂದಕ್ಕಿಡುತ್ತೇನೆ.

ದಾರವನ್ನು ಮಾರುವುದು ತೂಕದ ಲೆಕ್ಕದಲ್ಲಿ, ಹೆಣೆಯುವುದು ಉದ್ದದ ಲೆಕ್ಕದಲ್ಲಿ. 100 ಗ್ರಾಮಿನ ನಾಲ್ಕೆಳೆ ದಾರ ಸುಮಾರು 400 ಮೀಟರ್ ಓಡುತ್ತದೆ. ಚಂಕಿಯಾದರೆ ನೂರು ಚಿಲ್ಲರೆ ಮೀಟರಿಗೆ ನಿಂತುಬಿಡುತ್ತದೆ. ಕ್ರೋಶಾದಲ್ಲಿ ಒಂದೊಂದು ಕುಣಿಕೆಗೂ ದಾರ ಹೆಚ್ಚಾಗಿ ಸುತ್ತಿಕೊಳ್ಳುವುದರಿಂದ ಬಟ್ಟೆ ತಾನಾಗಿಯೇ ದಪ್ಪವಾಗುತ್ತದೆ, ದಾರವೂ ಬೇಗ ಮುಗಿಯುತ್ತದೆ. ಆದ್ದರಿಂದ ಕಡ್ಡಿಯಲ್ಲಿ ಹೆಣೆಯಲು ಆರಿಸಿದ್ದಕ್ಕಿಂತ ಒಂದು ಮೆಟ್ಟಿಲು ಸಪೂರವಾದದ್ದನ್ನು ಕ್ರೋಶಾಕ್ಕೆ ಹಿಡಿಯುವುದು ಮೇಲು.

ದಪ್ಪ ಸರಿಯಾಗಿ ಸಿಕ್ಕಿದರೂ ಕೈಯ ಬಿಗಿ ಒಂದು ಉಳಿದೇ ಇರುತ್ತದೆ. ಮಾದರಿಗೊಂದು ಅಂಗೈಯಗಲದ ತುಂಡು ಹೆಣೆದು ನೋಡಬೇಕೆಂದು ಎಲ್ಲರಿಗೂ ಗೊತ್ತು. ಉಪ್ಪಿನಕಾಯಿಯ ಜಾಡಿಯನ್ನು ತಿಂಗಳ ತನಕ ತೆರೆಯಬಾರದೆಂದು ಗೊತ್ತಿರುವಷ್ಟೇ ಗೊತ್ತು. ಡಬಲ್ ನಿಟಿಂಗಿನಲ್ಲಿ 4 ಅಂಗುಲಕ್ಕೆ 22 ಕುಣಿಕೆ, ಅಂದರೆ ಅಂಗುಲಕ್ಕೆ ಐದೂವರೆ ಎಂದು ಹಿಡಿದು, 36 ಅಂಗುಲದ ಸುತ್ತಳತೆಗೆ ನಾನು 198 ಕುಣಿಕೆ ಹಾಕಿದ್ದೆ. ನನ್ನ ಸಡಿಲ ಕೈಗೆ ಅಂಗುಲಕ್ಕೆ ಬಂದದ್ದು ಐದೇ. ಅರ್ಧ ಕುಣಿಕೆ ಏನು ಮಹಾ ಎಂದು ಮುಂದುವರಿದದ್ದರ ಫಲವಾಗಿ ಸುತ್ತಳತೆ 39.6 ಅಂಗುಲಕ್ಕೆ ಹೋಗಿ, ನನಗೆಂದು ಹೆಣೆದ ಸ್ವೆಟರ್ ಭಾವನವರ ಪಾಲಾಯಿತು. ಒಂದು ಅಳತೆ ಸಪೂರವಾದ ಕಡ್ಡಿ ಹಿಡಿದಿದ್ದರೆ ಅದು ನನ್ನ ಬಳಿಯೇ ಉಳಿಯುತ್ತಿತ್ತೇನೋ. ಈಗ ಮಾದರಿ ತುಂಡನ್ನು ಹೆಣೆದು, ಒಗೆದು, ಒಣಗಿಸಿ, ಆಮೇಲೆ ಅಳೆಯುತ್ತೇನೆ. ಅದು ಒಣಗಲು ಎಷ್ಟು ದಿನ ಹಿಡಿಯುತ್ತದೆ ಎಂಬ ನನಗೆ ಬೇಕಾದ ಇನ್ನೊಂದು ಲೆಕ್ಕವೂ ಆಗಲೇ ಸಿಕ್ಕಿಬಿಡುತ್ತದೆ.

ಆ ಕಂದು ಸ್ವೆಟರನ್ನು ಕೊನೆಗೆ ಬಿಚ್ಚಿದೆ. ಸುರುಳಿ ಸುರುಳಿಯಾಗಿ ಬಂದ ದಾರವನ್ನು ದೊಡ್ಡ ಕೊಕ್ಕೆಯಲ್ಲಿ ಕ್ರೋಶಾ ಹಾಕಿ, ಅತ್ತೆ ಹೇಳಿದ್ದಂತೆಯೇ, ಜಗಲಿಯ ಬಾಗಿಲಿಗೆ ಕಾಲೊರಸು ಮಾಡಿ ಹಾಸಿದ್ದೇನೆ. ಮಳೆಗಾಲದಲ್ಲಿ ಅದೂ ಒಣಗುವುದಿಲ್ಲ. ಆದರೆ ಕಾಲೊರಸು ಏಕೆ ಒಣಗಿಲ್ಲವೆಂದು ಈ ಮನೆಯಲ್ಲಿ ಇದುವರೆಗೆ ಯಾರೂ ನನ್ನನ್ನು ಕೇಳಿಲ್ಲ.